ಭೀಮಾ ದಂಡೆಯ ಪಾಳು ರಾಜಧಾನಿ ಫಿರೋಜಾಬಾದ್

ಬೆಂಗಳೂರು: ಜಯನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಿಂದ ವಾರಾಂತ್ಯದಲ್ಲಿ ಹಂಪಿಗೆ ಹೊರಡುವ ವಾಹನಗಳಿಗೆ ಲೆಕ್ಕವಿಲ್ಲ. ಬಾದಾಮಿ, ವಿಜಯಪುರಗಳಿಗೂ ಪ್ರವಾಸಿಗರ ಕೊರತೆಯಿಲ್ಲ. ಆದರೆ ಹಂಪಿಯ ಅರಸರೊಂದಿಗೆ ಕಾದಾಡಿ, ಅವರೊಂದಿಗೇ ಬೀಗತನ ಬೆಳೆಸಿದ ಸುಲ್ತಾನನೊಬ್ಬ ಭೀಮಾ ನದಿಯ ದಂಡೆಯಲ್ಲಿ ಕಟ್ಟಿಸಿದ ಪೂರ್ಣ ಪ್ರಮಾಣದ ನಗರವೊಂದು ಇದೇ ರಾಜ್ಯದಲ್ಲಿ ಪಾಳುಬಿದ್ದಿದೆ ಎಂಬ ಸಂಗತಿ ರಾಜಧಾನಿಯ ಬಹುತೇಕ ಓದುಗರಿಗೆ ಅಪರಿಚಿತ. ಕಲಬುರಗಿಯಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿರುವ ಫಿರೋಜಾಬಾದ್ ಅದರ ಹೆಸರು. ಕೆಂಪೇಗೌಡರು ಬೆಂಗಳೂರಿಗೆ ಕೋಟೆ ಕಟ್ಟಿಸುವ ಒಂದು ಶತಮಾನಕ್ಕೂ ಮೊದಲೇ ಈ ನಗರ ಹುಟ್ಟಿ, ಮೆರೆದು, ತೆರವಾಗಿತ್ತು.

ಹೆಸರಿನ ಬಗ್ಗೆ ಮೊದಲೇ ಒಂದು ಸ್ಪಷ್ಟನೆ ಅಗತ್ಯ. ಗಾಜಿನ ಬಳೆಗಳಿಗೆ ಹೆಸರಾದ ಉತ್ತರ ಪ್ರದೇಶದ ಫಿರೋಜಾಬಾದ್ ಬೇರೆ. ದೆಹಲಿಯಲ್ಲಿ ಇಂದು ಕ್ರಿಕೆಟ್ ಮೈದಾನದಿಂದ ಪರಿಚಿತವಾಗಿರುವ ಫಿರೋಜ್ ಷಾ ಕೋಟ್ಲಾ ಸಹ ಒಂದು ಕಾಲದ ಫಿರೋಜಾಬಾದೇ. ಅದು ತುಘಲಕ್ ವಂಶದ ಫಿರೋಜ್ ಷಾ 14ನೇ ಶತಮಾನದ ನಡುವೆ ಕಟ್ಟಿಸಿದ್ದು. ಕಲಬುರಗಿಯ ಫಿರೋಜಾಬಾದ್ ಬಹಮನಿ ವಂಶದ ತಾಜುದ್ದೀನ್ ಫಿರೋಜ್ ಷಾನ ಸೃಷ್ಟಿ. ಈತನ ಆಳ್ವಿಕೆಯ ಅವಧಿ 1397ರಿಂದ 1422.

ಹಿನ್ನೆಲೆ

ದೆಹಲಿಯ ಮಹಮ್ಮದ್ ಬಿನ್ ತುಘಲಕ್ ವಿರುದ್ಧ ದಖನ್ನಿನ ಸರದಾರರು ದಂಗೆಯೆದ್ದ ಪರಿಣಾಮವಾಗಿ 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ಸ್ವತಂತ್ರ ರಾಜ್ಯ ಸ್ಥಾಪಿಸಿದನು. ಕಲಬುರಗಿ ಅದರ ರಾಜಧಾನಿಯಾಯಿತು. ತುಂಗಭದ್ರೆಯ ದಡದಲ್ಲಿ ವಿಜಯನಗರ ತಲೆಯೆತ್ತಿ ಆಗಿನ್ನೂ ಹನ್ನೊಂದು ವರ್ಷ. ಕೃಷ್ಣಾ-ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್‌ನ ಫಲವತ್ತಾದ ಭೂಮಿಗಾಗಿ ಈ ಎರಡು ರಾಜ್ಯಗಳ ನಡುವೆ ನಡೆದ ಕದನಗಳು ಶಾಲಾ ಪಠ್ಯಪುಸ್ತಕಗಳಿಂದ ಎಲ್ಲರಿಗೂ ತಿಳಿದಿವೆ.

1397 ಬಹಮನಿ ಅರಮನೆಗೆ ರಕ್ತಸಿಕ್ತ ವರ್ಷ. ಒಂದೇ ವರ್ಷದಲ್ಲಿ ಒಬ್ಬ ಸುಲ್ತಾನ ಗತಿಸಿದ. ಅವನ ಉತ್ತರಾಧಿಕಾರಿಯ ಕಣ್ಣು ಕೀಳಿಸಲಾಯಿತು. ಮೂರನೆಯವನು ಸೂತ್ರದ ಬೊಂಬೆಯಂತೆ ಕುಳಿತ. ಆ ಬೊಂಬೆಯನ್ನು ಇಳಿಸಿ ಸಿಂಹಾಸನವೇರಿದವನೇ ಫಿರೋಜ್. ಸೋದರ ಅಹಮದ್ ಆಗ ಅವನ ಬೆನ್ನಿಗೆ ನಿಂತಿದ್ದ. ಈ ಅಹಮದನ ಹೆಸರು ಫಿರೋಜಾಬಾದಿನ ಕಥೆಯ ಕೊನೆಯಲ್ಲಿ ಮತ್ತೆ ಬರಲಿದೆ.

ಪಟ್ಟಕ್ಕೆ ಬಂದ ಮರುವರ್ಷವೇ ವಿಜಯನಗರದ ಎರಡನೇ ಹರಿಹರನೊಂದಿಗೆ ಯುದ್ಧ ಒದಗಿತು. ಕೃಷ್ಣೆ ತುಂಬಿ ಹರಿಯುತ್ತಿದ್ದುದರಿಂದ ಬಹಮನಿ ಸೈನ್ಯ ಹೊಳೆ ದಾಟಲಾರದೆ ನಿಂತಿದ್ದಾಗ, ಖಾಜಿ ಸಿರಾಜ್ ಎಂಬಾತ ಕೆಲವೇ ಸಂಗಡಿಗರೊಂದಿಗೆ ಆಟಗಾರರ ವೇಷದಲ್ಲಿ ಎದುರು ದಡದ ಪಾಳೆಯ ಹೊಕ್ಕು, ಕುಣಿತದ ನಡುವೆಯೇ ರಾಜಕುಮಾರನನ್ನು ಇರಿದು ಕೊಂದನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಗೊಂದಲದಲ್ಲಿ ಬಹಮನಿ ಸೈನ್ಯ ನದಿ ದಾಟಿತು. ಅಪಾರ ಕಪ್ಪ ಪಡೆದು ಸುಲ್ತಾನ ಹಿಂದಿರುಗಿದ. ಇದಾದ ಕೆಲವೇ ದಿನಗಳಲ್ಲಿ, ಅಂದರೆ 1400ರ ಆಸುಪಾಸಿನಲ್ಲಿ, ಭೀಮಾ ದಂಡೆಯಲ್ಲಿ ಹೊಸ ನಗರದ ಕೆಲಸ ಆರಂಭವಾಯಿತು. ದಕ್ಷಿಣದ ದಂಡಯಾತ್ರೆಗಳಿಗೆ ಹೊರಡುವ ಸೈನ್ಯ ಬೀಡುಬಿಡಲು ಅನುಕೂಲವಾದ ಜಾಗವಾದ್ದರಿಂದಲೇ ಇದನ್ನು ಆರಿಸಲಾಯಿತು ಎಂಬುದು ವಿದ್ವಾಂಸರ ಒಂದು ಅಭಿಪ್ರಾಯ. ನಕ್ಷೆ ಬಿಡಿಸಿ ನೋಡಿದರೆ ಈ ಮಾತು ಒಪ್ಪತಕ್ಕದ್ದೇ ಎನಿಸುತ್ತದೆ. ಕಲಬುರಗಿಯಿಂದ ಜೇವರ್ಗಿ ಮೂಲಕ ಕೃಷ್ಣೆಯತ್ತ ಸಾಗುವ ದಾರಿಯಲ್ಲಿ ಒಂದು ದಿನದ ನಡಿಗೆಗೆ ಸಿಗುವ ದೊಡ್ಡ ನೀರಿನ ಆಸರೆ ಎಂದರೆ ಭೀಮೆಯೇ.

ಬಿಸಿಲ ನಾಡಿನಲ್ಲಿ ನೀರ ನಗರ

ಕಲಬುರಗಿ ಸೀಮೆಯ ಬಿಸಿಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮರಳುಗಾಡಲ್ಲವಾದರೂ ಏಪ್ರಿಲ್, ಮೇ ತಿಂಗಳಲ್ಲಿ ಅದಕ್ಕೆ ತೀರ ಕಡಿಮೆಯೂ ಅಲ್ಲ. ಕಪ್ಪು ಮಣ್ಣಿನ ಬಯಲು ಬಾಯ್ಬಿಟ್ಟಿರುತ್ತದೆ. ನೆರಳಿಗೆ ಬೇವು, ಜಾಲಿ ಬಿಟ್ಟರೆ ಬೇರೆ ಗಿಡ ಕಾಣುವುದು ಅಪರೂಪ. ಇಂತಹ ಸೀಮೆಯಲ್ಲಿ ಅರಮನೆ ಕಟ್ಟುವವನಿಗೆ ನೀರೇ ಮೊದಲ ಸಿರಿ. ಹೊಸ ನಗರದ ಬೀದಿಗಳು ಅಗಲವಾಗಿ, ಕ್ರಮಬದ್ಧವಾಗಿ ಇದ್ದವು. ಹೊಳೆಯ ಬದಿಗೆ ಕಲ್ಲಿನ ಒಳಕೋಟೆ ಇತ್ತು. ಅದರೊಳಗೆ ಒಂದಕ್ಕೊಂದು ಅಂಟದ ಬೇರೆ ಬೇರೆ ಅರಮನೆಗಳಿದ್ದು, ಭೀಮೆಯಿಂದ ತೋಡಿದ ಅಗಲವಾದ ಕಾಲುವೆ ಅವೆಲ್ಲಕ್ಕೂ ನೀರು ಹರಿಸುತ್ತಿತ್ತು ಎಂದು ಫೆರಿಸ್ತಾ ವರ್ಣಿಸಿದ್ದಾನೆ.

ಆ ಪ್ರತ್ಯೇಕ ಅರಮನೆಗಳ ಕಾರಣವನ್ನೂ ಆತ ತಿಳಿಸುತ್ತಾನೆ. ಸುಲ್ತಾನನ ಜನಾನಾದಲ್ಲಿ ಅರಬ್, ತುರ್ಕಿ, ಜಾರ್ಜಿಯಾ, ರಷ್ಯಾ, ಯುರೋಪ್, ಚೀನಾ ದೇಶಗಳ ಸ್ತ್ರೀಯರಿದ್ದರು. ರಜಪೂತ, ಬಂಗಾಳಿ, ಗುಜರಾತಿ, ತೆಲಂಗಾಣ, ಮರಾಠಾ ಸೀಮೆಯವರೂ ಇದ್ದರು. ಒಬ್ಬೊಬ್ಬರ ಸೇವೆಗೂ ಅವರವರ ಭಾಷೆಯ ಸಖಿಯರನ್ನೇ ನೇಮಿಸಲಾಗಿತ್ತು. ಸುಲ್ತಾನ ಪ್ರತಿಯೊಬ್ಬರೊಂದಿಗೂ ಅವರದೇ ನುಡಿಯಲ್ಲಿ ಮಾತನಾಡಬಲ್ಲವನಾಗಿದ್ದ. ಫೆರಿಸ್ತಾ ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಷಾನ ಆಸ್ಥಾನದಲ್ಲಿ ಕುಳಿತು, ಘಟನೆಗಳಿಗೆ ಎರಡು ಶತಮಾನಗಳ ನಂತರ ಬರೆದವನು ಎಂಬುದನ್ನು ಇಲ್ಲಿ ನೆನಪಿಡಬೇಕು. ಅರಸರ ಜನಾನಾದ ವರ್ಣನೆ ಬಂದಾಗ ಆಸ್ಥಾನದ ಲೇಖನಿಗಳು ಧಾರಾಳವಾಗುವುದು ಹೊಸದೇನಲ್ಲ. ಆದರೂ ಗೋವಾ ಮತ್ತು ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗು ಕಳುಹಿಸಿ, ಸರಕಿನ ಜೊತೆಗೆ ವಿದ್ವಾಂಸರನ್ನೂ ಕುಶಲಕರ್ಮಿಗಳನ್ನೂ ಕರೆತರಿಸುತ್ತಿದ್ದ ರಾಜನ ನಗರದಲ್ಲಿ ಹಲವು ಭಾಷೆಗಳು ಕೇಳಿಬರುತ್ತಿದ್ದವು ಎನ್ನಲು ಅಡ್ಡಿಯಿಲ್ಲ.

ಫಿರೋಜನಿಗೆ ವಿದ್ಯೆಯ ಗೀಳು ಇದ್ದುದು ನಿಜ. ಷಿರಾಜಿನಿಂದ ಬಂದ ಮೀರ್ ಫಜಲುಲ್ಲಾ ಇಂಜು ಅವನ ಗುರು. ವಾರದಲ್ಲಿ ಮೂರು ದಿನ, ಶನಿವಾರ, ಸೋಮವಾರ ಮತ್ತು ಗುರುವಾರ, ಸುಲ್ತಾನನೇ ರೇಖಾಗಣಿತ, ಖಗೋಳ, ತರ್ಕಶಾಸ್ತ್ರಗಳ ಪಾಠ ಹೇಳುತ್ತಿದ್ದನಂತೆ. ಹಗಲು ರಾಜ್ಯಭಾರದಿಂದ ಬಿಡುವು ದೊರೆಯದಿದ್ದರೆ ಪಾಠ ರಾತ್ರಿಗೆ. 1407ರಲ್ಲಿ ದೌಲತಾಬಾದ್ ಬಳಿಯ ಘಟ್ಟದ ಮೇಲೆ ನಕ್ಷತ್ರ ವೀಕ್ಷಣಾಲಯವೊಂದರ ಕೆಲಸವನ್ನೂ ಆರಂಭಿಸಲಾಯಿತು. ಅದರ ಉಸ್ತುವಾರಿ ಹೊತ್ತಿದ್ದ ಹಕೀಂ ಹಸನ್ ಗೀಲಾನಿ ತೀರಿಕೊಂಡಿದ್ದರಿಂದ ಅದು ಪೂರ್ಣಗೊಳ್ಳಲಿಲ್ಲ. ಸಮರ್ಖಂಡದಲ್ಲಿ ತೈಮೂರನ ಮೊಮ್ಮಗ ಉಲುಗ್ ಬೇಗ್ ಕಟ್ಟಿಸಿದ ಜಗತ್ಪ್ರಸಿದ್ಧ ವೀಕ್ಷಣಾಲಯಕ್ಕಿಂತ ಈ ಪ್ರಯತ್ನ ಹಳೆಯದು ಎಂಬುದು ಗಮನಾರ್ಹ. ತೈಮೂರನ ಬಗ್ಗೆ ಫಿರೋಜನಿಗೆ ಎಚ್ಚರವೂ ಇತ್ತು. 1398ರಲ್ಲಿ ದೆಹಲಿಯನ್ನು ಸೂರೆಗೈದ ಆತನ ಬಳಿಗೆ ಕಾಣಿಕೆಗಳೊಂದಿಗೆ ರಾಯಭಾರಿಗಳನ್ನು ಕಳುಹಿಸಿ, ಮಾಳವ ಮತ್ತು ಗುಜರಾತಿನ ಒಡೆತನದ ಸನದನ್ನು ತರಿಸಿಕೊಂಡಿದ್ದ. ಆ ಸನದು ಕಾಗದದಲ್ಲೇ ಉಳಿಯಿತು. ಅದರಿಂದಾದ ಲಾಭಕ್ಕಿಂತ, ಕೆರಳಿದ ಮಾಳವ, ಗುಜರಾತ್ ಅರಸರು ವಿಜಯನಗರದ ಕಡೆ ವಾಲಿದ್ದೇ ಹೆಚ್ಚು.

ಉಳಿದಿರುವುದೇನು?

ನಗರಕ್ಕೆ ಪಶ್ಚಿಮದಲ್ಲಿ ಭೀಮಾ ನದಿಯೇ ಕಾವಲು. ಉಳಿದ ಮೂರು ದಿಕ್ಕುಗಳಲ್ಲಿ ದಪ್ಪನಾದ ಕಲ್ಲಿನ ಗೋಡೆಗಳು, ಕೊತ್ತಳಗಳು. ದಿಕ್ಕಿಗೊಂದರಂತೆ ಹೆಬ್ಬಾಗಿಲು. ಒಂದು ಬದಿಯಿಂದ ಇನ್ನೊಂದಕ್ಕೆ ನಡೆಯಲು ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಬೇಕು. ಕಲಬುರಗಿ ಕೋಟೆಗಿಂತ ದೊಡ್ಡದಾದ ಈ ಆವರಣದೊಳಗೆ ಇಂದು ಬಹುಪಾಲು ಹೊಲಗಳು. ಭೌಗೋಳಿಕ ಮಾನ್ಯತೆ ಪಡೆದಿರುವ ಕಲಬುರಗಿ ತೊಗರಿಯ ಸೀಮೆ ಇದು. ಸುಲ್ತಾನರ ಅಂಗಳದಲ್ಲಿ ಈಗ ನೇಗಿಲು ಆಡುತ್ತದೆ. ಮಳೆಗಾಲದಲ್ಲಿ ಪೈರು ಎದೆಯುದ್ದ ಬೆಳೆದಾಗ ಕಟ್ಟಡಗಳ ತಲೆ ಮಾತ್ರ ಕಾಣುತ್ತದೆ.

ನಗರದ ನಟ್ಟನಡುವಿನಿಂದ ಸ್ವಲ್ಪ ಪಶ್ಚಿಮಕ್ಕೆ ಜಾಮಿ ಮಸೀದಿ ಇದೆ. ಗುಮ್ಮಟವುಳ್ಳ ಪ್ರವೇಶ ಮಂಟಪ ಗಟ್ಟಿಯಾಗಿ ನಿಂತಿದೆ. ಒಳಗಣ ವಿಶಾಲ ಅಂಗಳ ಬಯಲಾಗಿದೆ. ಪ್ರಾರ್ಥನಾ ಮಂದಿರದ ಚಾವಣಿ ಕುಸಿದುಹೋಗಿದೆ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಪ್ರಸಿದ್ಧ ಮಸೀದಿಯಲ್ಲಿ ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಚಾವಣಿ. ಫಿರೋಜಾಬಾದಿನಲ್ಲಿ ಸಾವಿರಾರು ಜನ, ಬಹುಶಃ ದಂಡೇ ಒಟ್ಟಾಗಿ ನಿಂತು ನಮಾಜು ಮಾಡುವಷ್ಟು ದೊಡ್ಡ ಅಂಗಳ ಬಿಡಲಾಗಿದೆ. ಮಸೀದಿಯ ಹಿಂಬದಿಗೆ, ನದಿಯತ್ತ ಮುಖಮಾಡಿ, ಎತ್ತರದ ಗೋಡೆಗಳಿಂದ ಸುತ್ತುವರಿದ ಅರಮನೆಯ ಅಂಗಳಗಳು. ಹೊರಗಿನವನು ಮಸೀದಿಯವರೆಗೆ ಬರಬಹುದಿತ್ತು. ಅದರಾಚೆಗಿನ ಒಂದೊಂದು ಬಾಗಿಲೂ ಒಂದೊಂದು ತಡೆ.

ಪುರಾತತ್ವ ಆಸಕ್ತರನ್ನು ಹೆಚ್ಚು ಸೆಳೆಯುವುದು ಇಲ್ಲಿನ ಹಮ್ಮಾಮ್‌ಗಳು, ಅಂದರೆ ಬಿಸಿನೀರಿನ ಸ್ನಾನಗೃಹಗಳು. ದಖನ್ನಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಹಮ್ಮಾಮ್‌ಗಳ ಸಾಲಿಗೆ ಇವು ಸೇರುತ್ತವೆ. ಸಣ್ಣ ಸಣ್ಣ ಕೋಣೆಗಳು, ಅವುಗಳ ಮೇಲೆ ಗುಮ್ಮಟಗಳು, ಕೆಲವೆಡೆ ಪಿರಮಿಡ್ಡಿನಂತೆ ಚೂಪಾಗಿ ಏರುವ ಚಾವಣಿ. ಆಗಿನ ಇರಾನ್ ಮತ್ತು ಮಧ್ಯ ಏಷ್ಯಾದ ಕಟ್ಟಡ ಶೈಲಿಯನ್ನು ನೆನಪಿಸುವ ಈ ಆಕಾರಗಳು ಕರ್ನಾಟಕದ ಬೇರೆಡೆ ಹೀಗೆ ಗುಂಪಾಗಿ ಕಾಣುವುದು ವಿರಳ. ಹಂಪಿಯ ರಾಣಿಸ್ನಾನಗೃಹ, ಕಮಲ ಮಹಲು, ಗಜಶಾಲೆಗಳ ಕಮಾನು ಮತ್ತು ಗುಮ್ಮಟಗಳನ್ನು ನೋಡಿ ಬೆರಗಾಗುವವರು ಆ ಕುಶಲತೆಯ ಹಿಂದಿನ ಪುಟವನ್ನು ಇಲ್ಲಿ ಓದಬಹುದು. ಎರಡು ರಾಜ್ಯಗಳು ಗಡಿಯಲ್ಲಿ ಕಾದಾಡುತ್ತಿದ್ದರೂ ಗಾರೆಯವರು, ಕಲ್ಲುಕುಟಿಗರು, ಕುದುರೆ ವ್ಯಾಪಾರಿಗಳು ಹೊಳೆ ದಾಟುವುದನ್ನು ಬಿಟ್ಟಿರಲಿಲ್ಲ. ವಿಜಯನಗರದ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಶಾಸನ 'ಧರ್ಮಸಾಲೆ' ಎಂದೇ ಕರೆದಿದೆ. ಅತ್ತ ಕಲಬುರಗಿಯ ಹಫ್ತ್ ಗುಂಬಜ್ ಸಮುಚ್ಚಯದಲ್ಲಿರುವ ಫಿರೋಜ್ ಷಾನ ಜೋಡಿ ಗೋರಿಯ ಮೇಲೆ ದೇವಾಲಯಗಳಲ್ಲಿ ಕಾಣುವ ಮಾದರಿಯ ಬೋದಿಗೆಗಳೂ ಚಾಚು ಸೂರುಗಳೂ ಇವೆ.

ಈ ಹಾಳೂರನ್ನು ಅಳತೆ ಮಾಡಿ, ನಕ್ಷೆ ತೆಗೆದು, ಲೋಕಕ್ಕೆ ಪರಿಚಯಿಸಿದ ಶ್ರೇಯಸ್ಸು ವಾಸ್ತುಶಿಲ್ಪ ಇತಿಹಾಸಕಾರ ಜಾರ್ಜ್ ಮಿಶೆಲ್ ಮತ್ತು ಇತಿಹಾಸಕಾರ ರಿಚರ್ಡ್ ಈಟನ್ ಅವರಿಗೆ ಸಲ್ಲಬೇಕು. ಅವರ ಗ್ರಂಥವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ 1992ರಲ್ಲಿ ಪ್ರಕಟಿಸಿತು.

ಅಕ್ಕಸಾಲಿಗನ ಮಗಳು

ಫಿರೋಜಾಬಾದ್ ಉಚ್ಛ್ರಾಯದಲ್ಲಿದ್ದ ಕಾಲದಲ್ಲೇ ಮುದಗಲ್ಲಿನ ಹೆಣ್ಣಿನ ಪ್ರಸಂಗ ನಡೆಯಿತು. ಇದೂ ಫೆರಿಸ್ತಾ ಹೇಳಿದ್ದು. ಮುದಗಲ್ ಸೀಮೆಯ ಅಕ್ಕಸಾಲಿಗನೊಬ್ಬನ ಮಗಳು ಪರ್ತಾಲ್ ರೂಪದಲ್ಲೂ ಸಂಗೀತದಲ್ಲೂ ಅಸಾಧಾರಣಳೆಂದು ಕೇಳಿದ ವಿಜಯನಗರದ ಒಂದನೇ ದೇವರಾಯ ಅವಳನ್ನು ಬಯಸಿ ಹೇಳಿಕಳುಹಿಸಿದ. ಅವಳು ಒಪ್ಪಲಿಲ್ಲ. ರಾಯ ಸೈನ್ಯದೊಂದಿಗೆ ಬಹಮನಿ ಗಡಿ ದಾಟಿದ. ಅಷ್ಟರಲ್ಲಿ ಊರವರು ಓಡಿಹೋಗಿದ್ದರು. 1406ರಲ್ಲಿ ಫಿರೋಜ್ ಇದನ್ನೇ ನೆಪಮಾಡಿಕೊಂಡು ವಿಜಯನಗರದ ಬಾಗಿಲವರೆಗೂ ನುಗ್ಗಿದ. ಸಂಧಿಯಾಯಿತು. ದೇವರಾಯ ತನ್ನ ಮಗಳನ್ನು ಸುಲ್ತಾನನಿಗೆ ಕೊಟ್ಟು ಮದುವೆ ಮಾಡಿದ. ಬಂಕಾಪುರದ ಕೋಟೆ, ಲಕ್ಷಗಟ್ಟಲೆ ಹೊನ್ನು, ಮುತ್ತು, ಆನೆಗಳು ಬಳುವಳಿಯಾಗಿ ಹೋದವು. ಬೀಳ್ಕೊಡುವಾಗ ದೇವರಾಯ ಅಳಿಯನ ಜೊತೆ ಬಿಡಾರದವರೆಗೆ ಬಾರದೆ ದಾರಿಯಲ್ಲೇ ಹಿಂದಿರುಗಿದ್ದು ಸುಲ್ತಾನನಿಗೆ ಅವಮಾನವೆನಿಸಿತಂತೆ. ಬೀಗತನದಲ್ಲಿ ಇಂತಹ ಮುನಿಸುಗಳು ಯಾವ ಕಾಲಕ್ಕೂ ಇದ್ದದ್ದೇ. ವಿಜಯನಗರದ ದಾಖಲೆಗಳಲ್ಲಿ ಈ ಮದುವೆಯ ಸುಳಿವಿಲ್ಲವಾದ್ದರಿಂದ ಹಲವು ಇತಿಹಾಸಕಾರರು ಇದನ್ನು ಅನುಮಾನದಿಂದಲೇ ನೋಡಿದ್ದಾರೆ.

ಅಕ್ಕಸಾಲಿಗನ ಮಗಳು ಕೊನೆಗೆ ಕಲಬುರಗಿಗೇ ಬಂದಳು. ಅವಳನ್ನು ಕಂಡ ಸುಲ್ತಾನ, ತನಗೆ ವಯಸ್ಸಾಗಿದೆಯೆಂದು ಮಗ ಹಸನ್ ಖಾನನಿಗೆ ಮದುವೆ ಮಾಡಿಸಿದ. ಯುದ್ಧಕ್ಕೆ ನೆಪವಾದ ಈ ಹೆಣ್ಣಿನ ಮುಂದಿನ ಬದುಕಿನ ಬಗ್ಗೆ ಗ್ರಂಥಗಳು ಮೌನ. ಆದರೆ ಅವಳ ಗಂಡನ ಗತಿ ಫಿರೋಜಾಬಾದಿನ ಗತಿಯೊಂದಿಗೇ ಹೆಣೆದುಕೊಂಡಿದೆ.

ಪತನದ ದಾರಿ

ದೆಹಲಿಯಿಂದ ಹೊರಟ ಸೂಫಿ ಸಂತ ಸೈಯದ್ ಮಹಮ್ಮದ್ ಗೇಸುದರಾಜ್ ಕಲಬುರಗಿಗೆ ಬಂದದ್ದೂ 1400ರ ಸುಮಾರಿಗೇ. 'ಖಾಜಾ ಬಂದೇನವಾಜ್' ಎಂದು ಇಂದಿಗೂ ಜನ ಭಕ್ತಿಯಿಂದ ನೆನೆಯುವುದು ಇವರನ್ನೇ. ಮೊದಲಿಗೆ ಸುಲ್ತಾನ ಆದರದಿಂದ ಬರಮಾಡಿಕೊಂಡ. ತರ್ಕ, ಗಣಿತಗಳ ಗೀಳಿನ ಅರಸನಿಗೂ ಅನುಭಾವಿ ಸಂತರಿಗೂ ಹೆಚ್ಚು ದಿನ ಹೊಂದಲಿಲ್ಲ. ಖಾನ್‌ಖಾದಲ್ಲಿ ಜನಜಂಗುಳಿ ಹೆಚ್ಚಿ ಕೋಟೆಗೆ ತೊಂದರೆಯಾಗುತ್ತಿದೆ ಎಂಬ ಕಾರಣ ಕೊಟ್ಟು, ಅದನ್ನು ಊರಾಚೆಗೆ ಸ್ಥಳಾಂತರಿಸುವಂತೆ ಸುಲ್ತಾನ ಸೂಚಿಸಿದ. ಸಂತರು ತೆರಳಿ ನೆಲೆಸಿದ ಜಾಗದಲ್ಲೇ ಇಂದಿನ ದರ್ಗಾ ಇದೆ. ಹಸನ್ ಖಾನನನ್ನು ಉತ್ತರಾಧಿಕಾರಿಯೆಂದು ಹರಸಬೇಕೆಂಬ ಕೋರಿಕೆಯನ್ನೂ ಅವರು ಮನ್ನಿಸಲಿಲ್ಲ. ರಾಜ್ಯ ಸಲ್ಲುವುದು ಸೋದರ ಅಹಮದನಿಗೆ ಎಂದರು.

ಅದಕ್ಕೂ ಮೇಲೆ ಪಾನಗಲ್ ಕೋಟೆಯ ದೀರ್ಘ ಮುತ್ತಿಗೆ ಸುಲ್ತಾನನ ಸೊಂಟ ಮುರಿಯಿತು. 1420ರ ಹೊತ್ತಿಗೆ ವಿಜಯನಗರದ ಸೈನ್ಯದಿಂದ ಅಲ್ಲಿ ಸಂಪೂರ್ಣ ಸೋತು ಹಿಂದಿರುಗಿದ ಫಿರೋಜ್ ಕಾಯಿಲೆ ಬಿದ್ದ. ಆಡಳಿತ ಇಬ್ಬರು ನೆಚ್ಚಿನ ಗುಲಾಮರ ಕೈಸೇರಿತು. ಜೀವಭಯದಿಂದ ಅಹಮದ್ ಓಡಿಹೋದ. ಅವನ ಬೆನ್ನಿಗೆ ನಿಂತವನು ಖಲಫ್ ಹಸನ್ ಎಂಬ ವ್ಯಾಪಾರಿ. ದಾರಿಯಲ್ಲಿ ಸಿಕ್ಕ ಬಂಜಾರರ ದವಸದ ಎತ್ತುಗಳಿಗೆ ಬಾವುಟ ಕಟ್ಟಿ, ಅವುಗಳನ್ನೇ ಅಶ್ವದಳವೆಂದು ದೂರದಿಂದ ತೋರಿಸಿ ಸುಲ್ತಾನನ ಸೈನ್ಯವನ್ನು ಬೆದರಿಸಿದನೆಂಬ ಸ್ವಾರಸ್ಯಕರ ಪ್ರಸಂಗವನ್ನು ಫೆರಿಸ್ತಾ ದಾಖಲಿಸಿದ್ದಾನೆ. ಸೋತ ಫಿರೋಜ್ 1422ರ ಸೆಪ್ಟೆಂಬರಿನಲ್ಲಿ ಪಟ್ಟ ಬಿಟ್ಟುಕೊಟ್ಟು ಕೆಲವೇ ದಿನಗಳಲ್ಲಿ ತೀರಿಕೊಂಡ. ಕೊಲೆಯಾದನೆಂಬ ಮಾತೂ ಇದೆ. ಅದೇ ವರ್ಷ ನವೆಂಬರಿನಲ್ಲಿ ಗೇಸುದರಾಜರೂ ಕಾಲವಾದರು.

ಹೊಸ ಸುಲ್ತಾನ ಅಹಮದ್ ಷಾ, ಅಣ್ಣನ ಮಗ ಹಸನ್ ಖಾನನನ್ನು ಕೊಲ್ಲಿಸಲಿಲ್ಲ. ಫಿರೋಜಾಬಾದಿನ ಅರಮನೆಯನ್ನು ವಾಸಕ್ಕೆ ಬಿಟ್ಟುಕೊಟ್ಟು, ಖರ್ಚಿಗೆ ಜಹಗೀರನ್ನೂ ಸುತ್ತಲಿನ ಕೆಲವು ಹರದಾರಿಗಳಷ್ಟು ಜಾಗದಲ್ಲಿ ಬೇಟೆಯಾಡಲು ಅನುಮತಿಯನ್ನೂ ಕೊಟ್ಟ. ಅದರಾಚೆಗೆ ಕಾಲಿಡುವಂತಿಲ್ಲ. ರಾಜ್ಯದ ಹಂಬಲವಿಲ್ಲದ ಹಸನ್ ಇದಕ್ಕೇ ತೃಪ್ತನಾಗಿದ್ದನಂತೆ. ತಂದೆ ಪ್ರೀತಿಯಿಂದ ಕಟ್ಟಿಸಿದ ನಗರ ಮಗನಿಗೆ ಸೆರೆಮನೆಯಾಯಿತು. ಅಹಮದ್ ಷಾ ತೀರಿಕೊಂಡ ಮೇಲೆ ಆ ಸೀಮಿತ ಸ್ವಾತಂತ್ರ್ಯವೂ ಹೋಯಿತು. ಹಸನನ ಕಣ್ಣು ಕೀಳಿಸಿ ಅದೇ ಅರಮನೆಯಲ್ಲಿ ಕೂಡಿಹಾಕಲಾಯಿತು.

ಇತ್ತ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದಿದ್ದ. ಎತ್ತರದ ಪ್ರಸ್ಥಭೂಮಿ, ತಂಪು ಹವೆ, ವಿಜಯನಗರದಿಂದ ದೂರ, ಕಾರಣಗಳು ಹಲವು. ದರ್ಬಾರು ಹೋದ ಮೇಲೆ ಕಲಬುರಗಿಗೆ ದರ್ಗಾ ಉಳಿಯಿತು, ಪೇಟೆ ಉಳಿಯಿತು, ಊರು ಬದುಕಿತು. ಫಿರೋಜಾಬಾದಿಗೆ ಅಂತಹ ಆಸರೆ ಇರಲಿಲ್ಲ. ಅಲ್ಲಿದ್ದುದು ಅರಮನೆ ಮತ್ತು ದಂಡು. ಎರಡೂ ಒಬ್ಬ ಅರಸನನ್ನೇ ನೆಚ್ಚಿಕೊಂಡಿದ್ದವು. ಯುದ್ಧದಲ್ಲಿ ಸುಟ್ಟು ಹಾಳಾದ ನಗರವಲ್ಲ ಇದು. ಹಂಪಿಗೆ ಒದಗಿದ 1565ರಂತಹ ದಿನ ಇದಕ್ಕೆ ಬರಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಹೋದರು ಎನ್ನುವುದೇ ಸರಿ.

ಇಂತಹ ನಗರಗಳು ಲೋಕದಲ್ಲಿ ಇನ್ನೂ ಇವೆ. ಇರಾಕಿನ ಟೈಗ್ರಿಸ್ ದಂಡೆಯಲ್ಲಿ ಅಬ್ಬಾಸಿ ಖಲೀಫ ಅಲ್ ಮುತಸಿಂ ತನ್ನ ಸೈನಿಕರಿಗಾಗಿ 836ರಲ್ಲಿ ಸಮಾರಾ ನಗರವನ್ನು ಕಟ್ಟಿಸಿದ. ಮರುಭೂಮಿಯಂಚಿನ ಆ ರಾಜಧಾನಿಯನ್ನು 892ರಲ್ಲಿ ಅವನ ವಂಶಜರೇ ತೊರೆದು ಬಾಗ್ದಾದಿಗೆ ಮರಳಿದರು. ಅಕ್ಬರನ ಫತೇಪುರ್ ಸಿಕ್ರಿಯ ಕಥೆ ಎಲ್ಲರೂ ಬಲ್ಲರು. ಕರ್ನಾಟಕದಲ್ಲೇ ಇನ್ನೊಂದು ಉದಾಹರಣೆ ವಿಜಯಪುರದ ಪಕ್ಕದ ನವರಸಪುರ. ಎರಡನೇ ಇಬ್ರಾಹಿಂ ಆದಿಲ್ ಷಾ 1599ರಲ್ಲಿ ಆರಂಭಿಸಿದ ಆ ನಗರವನ್ನು 1624ರಲ್ಲಿ ಮಲಿಕ್ ಅಂಬರ್ ಹಾಳುಗೆಡವಿದ.

ಇಂದಿನ ಸ್ಥಿತಿ

ದಖನ್ ಸುಲ್ತಾನರ ಸ್ಮಾರಕಗಳು ಮತ್ತು ಕೋಟೆಗಳನ್ನು 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಕಲಬುರಗಿಯಿಂದ ಕೋಟೆ, ಅದರೊಳಗಿನ ಮಸೀದಿ ಮತ್ತು ಹಫ್ತ್ ಗುಂಬಜ್ ಪಟ್ಟಿಯಲ್ಲಿವೆ; ಬೀದರ್, ವಿಜಯಪುರ, ಗೋಲ್ಕೊಂಡಗಳೂ ಇವೆ. ಫಿರೋಜಾಬಾದ್ ಇಲ್ಲ. ಬಹಮನಿ ಕಾಲದ ಇಡೀ ನಗರ ಯೋಜನೆಯೊಂದು, ಮೇಲೆ ಬೇರೆ ಊರು ಬೆಳೆಯದೆ, ಗೋಡೆ, ಬಾಗಿಲು, ಬೀದಿಗಳ ಸಮೇತ ಸಿಗುವ ಜಾಗಕ್ಕೆ ಈ ಪಟ್ಟಿಯಲ್ಲಿ ಸ್ಥಾನ ಸಿಗದಿರುವುದು ಅಚ್ಚರಿಯ ಸಂಗತಿ. ಬಿಡಿ ಗುಮ್ಮಟವೊಂದರ ರಕ್ಷಣೆ ಸುಲಭ, ಬೇಲಿ ಹಾಕಿದರಾಯಿತು. ಹೊಲಗಳ ನಡುವೆ ಹರಡಿದ ನಗರವನ್ನು ಕಾಯುವುದು ಅಷ್ಟು ಸುಲಭವಲ್ಲ. ಉಳುಮೆ ಮಾಡುವ ರೈತನ ಬದುಕೂ ಅಲ್ಲೇ ಇದೆ.

ಸುತ್ತಲಿನ ಸೀಮೆಯೂ ಬದಲಾಗುತ್ತಿದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಒಂದು ಕಲಬುರಗಿಗೆ ಬಂದಿದ್ದು, ಅದಕ್ಕೆ ಇದೇ ತಾಲ್ಲೂಕಿನ ಹೊನ್ನಕಿರಣಗಿ ಭಾಗದಲ್ಲಿ ಜಾಗ ಗೊತ್ತುಪಡಿಸಲಾಗಿದೆ. ಉದ್ಯೋಗಕ್ಕಾಗಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಜಿಲ್ಲೆಗೆ ಕಾರ್ಖಾನೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಕಾರ್ಖಾನೆ, ರಸ್ತೆ, ನಿವೇಶನಗಳು ಬರುವ ಮುನ್ನ ಕೋಟೆಯ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಕಂದಾಯದ ನಕ್ಷೆಯಲ್ಲೂ ನೆಲದಲ್ಲೂ ಸ್ಪಷ್ಟವಾಗಿ ಗುರುತಾಗಬೇಕು. ಇನ್ನೊಂದು ಕಾಟ ಭೀಮೆಯದೇ. 2020ರ ಅಕ್ಟೋಬರಿನಲ್ಲಿ ಬಂದ ಪ್ರವಾಹ ಜಿಲ್ಲೆಯ ನದಿ ದಂಡೆಯ ಹಳ್ಳಿಗಳನ್ನು ನೀರಿನಲ್ಲಿ ಮುಳುಗಿಸಿತ್ತು. ಸುಲ್ತಾನ ಕಾಲುವೆ ತೋಡಿ ಅಂಗಳಕ್ಕೆ ಕರೆದ ನದಿ, ಕರೆಯದೆಯೂ ಬರುತ್ತದೆ.

ಹಾಳು ಅರಮನೆಯತ್ತ ಯಾರೂ ಸುಳಿಯದಿದ್ದರೂ ಕೋಟೆಗೋಡೆಯ ಹೊರಗಿರುವ ಖಲೀಫತ್ ಉರ್ ರಹಮಾನ್ ದರ್ಗಾಕ್ಕೆ ಭಕ್ತರು ಬರುತ್ತಾರೆ.

ಹೋಗುವುದು ಹೇಗೆ?

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಸೇರಿದಂತೆ ಮುಂಬೈ ಕಡೆಗೆ ಸಾಗುವ ಹಲವು ರೈಲುಗಳು ಕಲಬುರಗಿಯಲ್ಲಿ ನಿಲ್ಲುತ್ತವೆ. 2024ರ ಮಾರ್ಚ್‌ನಲ್ಲಿ ಕಲಬುರಗಿ-ಬೆಂಗಳೂರು ವಂದೇ ಭಾರತ್ ರೈಲು ಆರಂಭವಾಯಿತು. ಕಲಬುರಗಿಯಿಂದ ಜೇವರ್ಗಿ ರಸ್ತೆ ಹಿಡಿದು, ಮುಖ್ಯರಸ್ತೆಯಿಂದ ನದಿಯ ಕಡೆಗೆ ಒಳಹೋಗಬೇಕು. ಸ್ವಂತ ವಾಹನ ಅಥವಾ ಬಾಡಿಗೆ ಕಾರು ಅನುಕೂಲ. ಕೋಟೆಯೊಳಗೆ ಹೋಟೆಲು, ಅಂಗಡಿಗಳನ್ನು ನಿರೀಕ್ಷಿಸದೆ ಕುಡಿಯುವ ನೀರು, ಬುತ್ತಿ ಜೊತೆಗೆ ಒಯ್ಯುವುದು ಒಳಿತು. ಬೇಸಿಗೆ ಬಿಟ್ಟು ನವೆಂಬರ್‌ನಿಂದ ಫೆಬ್ರವರಿ ನಡುವೆ ಹೋಗಬಹುದು. ಆಗ ತೊಗರಿ ಕಟಾವಿನ ಕಾಲ ಬಂದಿರುತ್ತದೆ. ರಾಶಿ ಮುಗಿದ ಮೇಲೆ ಮಸೀದಿಯಿಂದ ಹಮ್ಮಾಮ್‌ವರೆಗೆ ನಡೆದುಹೋಗಲು ದಾರಿ ಸಿಗುತ್ತದೆ. ಬೆಳೆ ನಿಂತಿದ್ದರೆ ಹೊಲದ ಬದುವಿನ ಮೇಲೆಯೇ ನಡೆಯಬೇಕು. ಎರಡು ದಿನ ಬಿಡುವಿದ್ದವರು ಮೇಲ್ದಂಡೆಯ ಗಾಣಗಾಪುರ, ಕೆಳಗಿನ ಸನ್ನತಿಯ ಬೌದ್ಧ ನೆಲೆಗಳನ್ನೂ ಇದೇ ಪ್ರವಾಸದಲ್ಲಿ ನೋಡಿಬರಬಹುದು.